ಹೋದಂತೆಯೇ ಮರಳಬೇಕು

ಆ್ಯಂಡ್ರಾಯ್ಡ್ ಆ್ಯಪ್ ಒಂದರ ಸೋರ್ಸ್ ಕೋಡ್ ಓದಲು ಸಿಕ್ಕಾಗ ನಾನು ಮೊದಲು ತೆರೆಯುವುದು ಡೇಟಾಬೇಸ್ ಫೋಲ್ಡರಿನ ಮೂಲೆಯಲ್ಲಿರುವ 'ಕನ್ವರ್ಟರ್ಸ್' ಎಂಬ ಫೈಲನ್ನು. ಹೆಚ್ಚೆಂದರೆ ಒಂದು ಪರದೆ ತುಂಬುವಷ್ಟು ಉದ್ದ ಇರುತ್ತದೆ. ಫಂಕ್ಷನ್‌ಗಳು ಅದರಲ್ಲಿ ಜೋಡಿ ಜೋಡಿಯಾಗಿ ಕೂತಿರುತ್ತವೆ. ಒಂದು ದಿನಾಂಕವನ್ನು ಅಂಕಿಯಾಗಿಸಿದರೆ ಅದರ ಜೋಡಿ ಅಂಕಿಯನ್ನು ಮತ್ತೆ ದಿನಾಂಕವಾಗಿಸುತ್ತದೆ. ಒಂದು ಪಟ್ಟಿಯನ್ನು ಪಠ್ಯವಾಗಿ ಮಡಚಿದರೆ ಇನ್ನೊಂದು ಅದನ್ನು ಬಿಡಿಸಿ ಹರಡುತ್ತದೆ. ಒಂದೊಂದೂ ಒಂದೋ ಎರಡೋ ಸಾಲು. ಆ್ಯಪ್ ಬಳಸುವವರ ಕಣ್ಣಿಗೆ ಇದು ಎಂದೂ ಬೀಳುವುದಿಲ್ಲ. ಆದರೂ, ಸರ್ವರ್‌ನಿಂದ ಬರುವ ಮಾಹಿತಿಯನ್ನು ಇದನ್ನು ಬರೆದವರು ಎಷ್ಟು ಅಕ್ಕರೆಯಿಂದ ಓದಿದ್ದಾರೆ ಎಂಬುದು ಈ ಫೈಲಿನಲ್ಲಿ ತಿಳಿಯುವಷ್ಟು ಬೇರೆಲ್ಲೂ ತಿಳಿಯುವುದಿಲ್ಲ. ಒಳ್ಳೆಯ ಕನ್ವರ್ಟರ್ ಫೈಲ್ ಓದುವುದು ನನ್ನ ಮಟ್ಟಿಗೆ ದೊಡ್ಡ ಸುಖ. ಆ ಸುಖ ಎಲ್ಲೆಲ್ಲಿ ಅಡಗಿದೆ ಎಂದು ಸಾವಕಾಶವಾಗಿ ತೋರಿಸಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇದೆ.

ಮಾಹಿತಿ ಫೋನಿಗೆ ಬಂದು ಉಳಿಯುವ ಹಾದಿಯಲ್ಲಿ ಮೂರು ನೆಲಗಳನ್ನು ದಾಟುತ್ತದೆ. ಮೊದಲನೆಯದು ಜೇಸನ್. ಡಗ್ಲಸ್ ಕ್ರಾಕ್‌ಫರ್ಡ್ ಈ ಶತಮಾನದ ಆರಂಭದಲ್ಲಿ ಜಾವಾಸ್ಕ್ರಿಪ್ಟ್‌ನೊಳಗಿನಿಂದ ಆರಿಸಿ ತೆಗೆದು ಹೆಸರಿಟ್ಟ ಈ ಬರಹರೂಪಕ್ಕೆ ಗೊತ್ತಿರುವ ಸಂಗತಿಗಳು ಕೆಲವೇ: ಪಠ್ಯ, ಸಂಖ್ಯೆ, ನಿಜ–ಸುಳ್ಳು, ನಲ್ (ಅಂದರೆ ಏನೂ ಇಲ್ಲ), ಪಟ್ಟಿ, ಹೆಸರು–ಮೌಲ್ಯಗಳ ಗೊಂಚಲು. ದಿನಾಂಕಕ್ಕೆ ಅಲ್ಲಿ ಜಾಗವಿಲ್ಲ, ಹಣಕ್ಕೂ ಇಲ್ಲ. ಪೂರ್ಣಾಂಕಕ್ಕೂ ದಶಮಾಂಶಕ್ಕೂ ಭೇದವಿಲ್ಲ. ಎರಡನೆಯ ನೆಲ ಆ್ಯಪ್ ಬರೆಯುವ ಭಾಷೆಯದು. ಕಾಟ್ಲಿನ್ ಇರಲಿ, ಸ್ವಿಫ್ಟ್ ಇರಲಿ, ಇಲ್ಲಿ ಟೈಪ್‌ಗಳಿಗೆ ಬರವಿಲ್ಲ. ಬೇಕೆಂದರೆ ನಮ್ಮದೇ ಟೈಪ್ ಕಟ್ಟಿಕೊಳ್ಳಬಹುದು. ಮೂರನೆಯದು ಫೋನಿನೊಳಗಿನ ಎಸ್‌ಕ್ಯೂಲೈಟ್. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ಡೇಟಾಬೇಸ್ ಇಂದು ಬಹುಪಾಲು ಪ್ರತಿ ಮೊಬೈಲಿನಲ್ಲೂ ಇದೆ. ಅದು ಡಿಸ್ಕಿನ ಮೇಲೆ ಬರೆದಿಡುವ ಬಗೆಗಳು ಐದೇ ಐದು: ನಲ್, ಇಂಟಿಜರ್, ರಿಯಲ್, ಟೆಕ್ಸ್ಟ್, ಬ್ಲಾಬ್.

ಹೀಗೆ ಎರಡು ಬಡ ನೆಲಗಳ ನಡುವೆ ಒಂದು ಸಿರಿವಂತ ನೆಲ. ಒಂದೊಂದು ಗಡಿ ದಾಟುವಾಗಲೂ ಮೌಲ್ಯ ವೇಷ ಬದಲಿಸಬೇಕು, ಆದರೆ ತಾನು ಯಾರೆಂಬುದನ್ನು ಮರೆಯಬಾರದು. ಇಳಕಲ್ ಸೀರೆಯ ನೇಕಾರರು ಹತ್ತಿಯ ಒಡಲಿನ ಹಾಸಿಗೂ ರೇಷ್ಮೆಯ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಆ ಸೇರುವೆಯ ಮೇಲೆ ಬೆರಳಾಡಿಸುವಾಗ ಆಗುವಂಥ ಮೆಚ್ಚುಗೆಯೇ ಒಳ್ಳೆಯ ಕನ್ವರ್ಟರ್ ಕಂಡಾಗಲೂ ನನಗೆ ಆಗುತ್ತದೆ.

ಆ್ಯಂಡ್ರಾಯ್ಡ್ ಆ್ಯಪ್‌ಗೂ ಎಸ್‌ಕ್ಯೂಲೈಟಿಗೂ ನಡುವೆ ನಿಲ್ಲುವಂತೆ ಗೂಗಲ್ 2017ರಲ್ಲಿ ಪ್ರಕಟಿಸಿದ 'ರೂಮ್' ಲೈಬ್ರರಿಯಲ್ಲಿ ನನಗೆ ತುಂಬ ಇಷ್ಟವಾದ ಗುಣವೊಂದಿದೆ. ಟೇಬಲ್‌ಗೆ ದಿನಾಂಕದ ಕಾಲಂ ಸೇರಿಸಿ, ಅದನ್ನು ಹೇಗೆ ಉಳಿಸಬೇಕೆಂದು ಹೇಳದೆ ಬಿಟ್ಟರೆ ರೂಮ್ ಊಹೆ ಮಾಡಲು ಹೋಗುವುದಿಲ್ಲ. ಈ ಫೀಲ್ಡನ್ನು ಡೇಟಾಬೇಸಿಗೆ ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ಟೈಪ್ ಕನ್ವರ್ಟರ್ ಕೊಡಿ ಎಂದು ಕಂಪೈಲ್ ಆಗುವ ಹೊತ್ತಿಗೇ ಕೆಲಸ ನಿಲ್ಲಿಸುತ್ತದೆ. ಬಳಕೆದಾರರ ಫೋನಿನವರೆಗೆ ಹೋಗಿ ಕೆಡುವ ಬದಲು ಬರೆಯುವವರ ಮೇಜಿನ ಮೇಲೇ ತಕರಾರು ತೆಗೆಯುತ್ತದೆ. ನಿರ್ಧಾರ ಮಾಡಬೇಕಾದ ಜಾಗದಲ್ಲಿ ನಿರ್ಧಾರ ಮಾಡಿಸಿಯೇ ಮುಂದೆ ಬಿಡುವ ಇಂಥ ಲೈಬ್ರರಿಗಳ ಬಗ್ಗೆ ನನಗೆ ಗೌರವ.

ಇನ್ನು ದಿನಾಂಕ. ಕನ್ವರ್ಟರ್ ಫೈಲಿನ ರಸವೆಲ್ಲ ಹೆಚ್ಚಾಗಿ ಇಲ್ಲೇ ಇರುವುದರಿಂದ ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

2024ರ ನವೆಂಬರ್ 1, ರಾಜ್ಯೋತ್ಸವದ ದಿನ. ಮಧ್ಯರಾತ್ರಿ ಸರಿಯಾಗಿ 12ಕ್ಕೆ ಟಿಕೆಟ್ ಮಾರಾಟ ಶುರುವಾಗುವ ಕಾರ್ಯಕ್ರಮವೊಂದಿದೆ ಎಂದುಕೊಳ್ಳಿ. ಸರ್ವರ್ ಆ ಗಳಿಗೆಯನ್ನು ಪಠ್ಯವಾಗಿ ಕಳಿಸುತ್ತದೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್, ಕೊನೆಯಲ್ಲಿ +05:30. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಈ ಕ್ರಮ ಐಎಸ್‌ಒ 8601 ಎಂಬ ಮಾನಕದ್ದು. ಇದರ ಸೊಗಸು ಏನೆಂದರೆ, ಒಂದೇ ಕಾಲವಲಯದಲ್ಲಿ ಬರೆದ ಇಂಥ ದಿನಾಂಕಗಳನ್ನು ಬರೀ ಅಕ್ಷರಕ್ರಮದಲ್ಲಿ ಜೋಡಿಸಿದರೂ ಅವು ಕಾಲಕ್ರಮದಲ್ಲೇ ನಿಲ್ಲುತ್ತವೆ. ದಿನ ಎಂದರೇನೆಂದು ತಿಳಿಯದ ಡೇಟಾಬೇಸೂ ಇವನ್ನು ತಪ್ಪಿಲ್ಲದೆ ಸಾಲುಗೂಡಿಸುತ್ತದೆ. ದಿನ–ತಿಂಗಳು–ವರ್ಷ ಎಂದು ಬರೆಯುವ ನಮ್ಮ ದಿನಬಳಕೆಯ ಕ್ರಮಕ್ಕೆ ಈ ಗುಣವಿಲ್ಲ.

ಕನ್ವರ್ಟರ್ ಈ ಪಠ್ಯವನ್ನು ಓದಿ ಒಂದು ಅಂಕಿಯಾಗಿಸುತ್ತದೆ: 1730399400. ಇದು 1970ರ ಜನವರಿ 1ರ, ಯುಟಿಸಿ ಎಂಬ ಜಾಗತಿಕ ಕಾಲಮಾನದ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳ ಲೆಕ್ಕ. ನಮ್ಮಲ್ಲಿ ನವೆಂಬರ್ 1 ಹುಟ್ಟುವ ಗಳಿಗೆ ಯುಟಿಸಿಯಲ್ಲಿ ಅಕ್ಟೋಬರ್ 31ರ ಸಂಜೆ 6:30. ಆ ವ್ಯತ್ಯಾಸವೂ ಅಂಕಿಯೊಳಗೆ ಕರಗಿ ಹೋಗಿದೆ. ಬೆಂಗಳೂರು, ದುಬೈ, ಸ್ಯಾನ್ ಹೊಸೆ, ಎಲ್ಲಿ ಫೋನ್ ತೆರೆದರೂ ಈ ಅಂಕಿ ತೋರಿಸುವ ಗಳಿಗೆ ಒಂದೇ. ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸಬಹುದು, ಟಿಕೆಟ್ ಕಿಟಕಿ ಮಾತ್ರ ಎಲ್ಲರಿಗೂ ಒಟ್ಟಿಗೆ ತೆರೆಯುತ್ತದೆ.

ಆದರೆ ಅಂಕಿ ತಾನು ಯಾವ ಅಳತೆಯಲ್ಲಿದ್ದೇನೆ ಎಂದು ಹೇಳುವುದಿಲ್ಲ. ಯುನಿಕ್ಸ್ ಸಂಪ್ರದಾಯದವರು ಸೆಕೆಂಡಿನಲ್ಲಿ ಎಣಿಸುತ್ತಾರೆ, ಜಾವಾದವರು ಮಿಲಿಸೆಕೆಂಡಿನಲ್ಲಿ. ಸೆಕೆಂಡಿನ ಲೆಕ್ಕವನ್ನು ಮಿಲಿಸೆಕೆಂಡ್ ಎಂದು ಓದಿದರೆ ನಮ್ಮ ರಾಜ್ಯೋತ್ಸವ 1970ರ ಜನವರಿ 21ರ ಮುಂಜಾನೆಗೆ ಹೋಗಿ ಬೀಳುತ್ತದೆ. ಆ್ಯಪಲ್‌ನವರ ದಾರಿ ಇನ್ನೂ ಬೇರೆ. ಅವರ ಫೌಂಡೇಶನ್ ಲೈಬ್ರರಿಯ ಎಣಿಕೆ ಶುರುವಾಗುವುದು 2001ರ ಜನವರಿ 1ರಿಂದ. ಎರಡು ಆರಂಭಗಳ ನಡುವಿನ ಅಂತರ 978307200 ಸೆಕೆಂಡ್. ಸ್ವಿಫ್ಟ್‌ನ ಜೇಸನ್ ಡಿಕೋಡರ್‌ಗೆ ದಿನಾಂಕ ಓದುವ ಬಗೆಯನ್ನು ಹೇಳದೆ ಬಿಟ್ಟರೆ ಅದು ಈ 2001ರ ಲೆಕ್ಕವನ್ನೇ ಹಿಡಿಯುತ್ತದೆ. ಆಗ ಅದೇ 1730399400 ಎಂಬ ಅಂಕಿ 2055ರ ನವೆಂಬರ್ 2 ಆಗುತ್ತದೆ. 31 ವರ್ಷ, ಮೇಲೊಂದು ದಿನ ಮುಂದಕ್ಕೆ. ಆ ಒಂದು ದಿನದ ಕತೆ ಅಧಿಕ ವರ್ಷಗಳದು: 1970ರಿಂದ 2001ರವರೆಗಿನ 31 ವರ್ಷದಲ್ಲಿ ಫೆಬ್ರವರಿ 29 ಎಂಟು ಸಲ ಬಂದಿತ್ತು, 2024ರ ನವೆಂಬರಿನಿಂದ ಮುಂದಿನ 31ರಲ್ಲಿ ಏಳೇ ಸಲ. ಕೋಷ್ಟಕದಲ್ಲಿ ಕಂಡ ತಪ್ಪು ತಾರೀಕಿನಿಂದಲೇ ತಪ್ಪಿನ ಮೂಲ ಇಂಥದೆಂದು ಹೇಳಬಹುದಾದ ಈ ನಿಖರತೆ ನನಗೆ ತುಂಬ ಹಿಡಿಸುತ್ತದೆ. 1970 ಕಂಡರೆ ಒಂದು ಕಾಯಿಲೆ, 2055 ಕಂಡರೆ ಇನ್ನೊಂದು.

ಇದೇ ಕನ್ವರ್ಟರ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ, ಅದನ್ನು ಹತ್ತಿರದಿಂದ ನೋಡಬೇಕು. ಕಾಟ್ಲಿನ್‌ನಲ್ಲಿ ಟೈಪಿನ ಹೆಸರಿನ ಪಕ್ಕ ಆ ಚಿಹ್ನೆ ಇಟ್ಟರೆ 'ಇದು ಇಲ್ಲದೆಯೂ ಇರಬಹುದು' ಎಂದರ್ಥ. ಅಂಕಿ ಬಂದರೆ ದಿನಾಂಕ ಕೊಡು, ಏನೂ ಬರದಿದ್ದರೆ ಏನೂ ಕೊಡಬೇಡ. ಇಷ್ಟನ್ನು ಬರೆಯಲು ಬೇಸರವಾಗಿ, ಇಲ್ಲದ್ದಕ್ಕೆ ಸೊನ್ನೆ ಇಟ್ಟುಬಿಟ್ಟರೆ ಆ ಸೊನ್ನೆ ಸುಮ್ಮನಿರುವುದಿಲ್ಲ. ಅದೂ ಒಂದು ಗಳಿಗೆಯೇ: ನಮ್ಮ ಗಡಿಯಾರದಲ್ಲಿ 1970ರ ಜನವರಿ 1ರ ಬೆಳಿಗ್ಗೆ 5:30. ಇನ್ನೂ ತಲುಪದ ಪಾರ್ಸೆಲ್ ಅಂದು ತಲುಪಿತೆಂದು ಆ್ಯಪ್ ಹೇಳತೊಡಗುತ್ತದೆ. ಇಲ್ಲ ಎಂಬುದನ್ನು ಇಲ್ಲ ಎಂದೇ ಉಳಿಸುವ ಆ ಒಂದು ಚಿಹ್ನೆಯಲ್ಲಿ ಬರೆದವರ ಪ್ರಾಮಾಣಿಕತೆ ಇದೆ.

ಎಲ್ಲ ದಿನಾಂಕವೂ ಗಳಿಗೆಯಲ್ಲ ಎಂಬುದು ಇನ್ನೂ ಸೂಕ್ಷ್ಮವಾದ ತಿಳಿವು. ಟಿಕೆಟ್ ಕಿಟಕಿ ತೆರೆಯುವುದು ಗಳಿಗೆ. ಹುಟ್ಟಿದ ದಿನ ಗಳಿಗೆಯಲ್ಲ, ಅದು ಪಂಚಾಂಗದ ಒಂದು ಮನೆ. ಜೂನ್ 12ರಂದು ಹುಟ್ಟಿದ ಅಜ್ಜಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋದರೂ ಅವರ ಹುಟ್ಟಿದ ದಿನ ಜೂನ್ 12ರಂದೇ. ಅದನ್ನು ಸೆಕೆಂಡಾಗಿ ಪರಿವರ್ತಿಸಿ ಉಳಿಸಿದ ಆ್ಯಪ್ ಕ್ಯಾಲಿಫೋರ್ನಿಯಾದಲ್ಲಿ ಜೂನ್ 11 ಎಂದು ತೋರಿಸುತ್ತದೆ. ಭಾರತದ ಹನ್ನೆರಡರ ಮಧ್ಯರಾತ್ರಿ ಅಲ್ಲಿ ಇನ್ನೂ ಹನ್ನೊಂದರ ಹಗಲು ತಾನೆ.

ಅಜ್ಜಿ 1943ರಲ್ಲಿ ಹುಟ್ಟಿದ್ದರೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಆಗ ನಾವು ಯುಟಿಸಿಗಿಂತ ಆರೂವರೆ ಗಂಟೆ ಮುಂದೆ. ಜಗತ್ತಿನ ಕಂಪ್ಯೂಟರುಗಳೆಲ್ಲ ಬಳಸುವ ಕಾಲವಲಯ ಪಟ್ಟಿಯಲ್ಲಿ 'ಏಷ್ಯಾ/ಕೋಲ್ಕತ್ತ' ಎಂಬ ಹೆಸರಿನಡಿ ಈ ಸಂಗತಿ ಜೋಪಾನವಾಗಿ ದಾಖಲಾಗಿದೆ. ಉಳಿಸುವಾಗ ಲೈಬ್ರರಿ ಆ ಪಟ್ಟಿ ನೋಡಿ 1943ರ ಜೂನ್ 12ರ ಮಧ್ಯರಾತ್ರಿಯನ್ನು ಯುಟಿಸಿಯ ಜೂನ್ 11ರ ಸಂಜೆ 5:30 ಎಂದು ಬರೆದಿಟ್ಟಿತು. ತೋರಿಸುವಾಗ ಯಾರೋ ಅದಕ್ಕೆ ನೇರವಾಗಿ ಐದೂವರೆ ಗಂಟೆ ಕೂಡಿಸಿದರು. ಬಂದದ್ದು ಜೂನ್ 11ರ ರಾತ್ರಿ 11 ಗಂಟೆ. ಮೊಮ್ಮಗನ ಹುಟ್ಟಿದ ದಿನವನ್ನು ಸರಿಯಾಗಿ ತೋರಿಸುವ ಅದೇ ಕೋಡ್ ಅಜ್ಜಿಯದನ್ನು ಒಂದು ದಿನ ಹಿಂದೆ ಹಾಕುತ್ತದೆ. ಯುದ್ಧಕಾಲದ ಸರ್ಕಾರಿ ಆದೇಶವೊಂದು ಎಂಬತ್ತು ವರ್ಷ ಕಳೆದ ಮೇಲೆ ಫೋನಿನ ಪರದೆಯಲ್ಲಿ ಬಂದು ಕೂರುವ ಪರಿಯನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬಲ್ಲವರು ಬರೆದ ಕನ್ವರ್ಟರ್‌ನಲ್ಲಿ ಹೀಗಾಗಿಯೇ ದಿನಾಂಕಕ್ಕೆ ಎರಡು ಜೋಡಿ ಇರುತ್ತವೆ. ಗಳಿಗೆಗೆ 'ಇನ್‌ಸ್ಟಂಟ್', ಅದು ಅಂಕಿಯಾಗಿ ಉಳಿಯುತ್ತದೆ. ದಿನಕ್ಕೆ 'ಲೋಕಲ್‌ಡೇಟ್', ಅದು ವರ್ಷ–ತಿಂಗಳು–ದಿನದ ಹತ್ತು ಅಕ್ಷರಗಳ ಪಠ್ಯವಾಗಿ, ಯಾವ ಕಾಲವಲಯದ ಸೋಂಕೂ ತಾಗದೆ ಉಳಿಯುತ್ತದೆ. 2014ರಲ್ಲಿ ಜಾವಾ 8ರ ಜೊತೆ ಬಂದ ಕಾಲದ ಲೈಬ್ರರಿ ಈ ಎರಡನ್ನೂ ಬೇರೆ ಬೇರೆ ಟೈಪ್ ಮಾಡಿ ನಮಗೆ ಮಹದುಪಕಾರ ಮಾಡಿತು. ಅದಕ್ಕೆ ಮುಂಚೆ ಎರಡಕ್ಕೂ ಹೆಚ್ಚಾಗಿ ಬಳಸುತ್ತಿದ್ದದ್ದು 'ಡೇಟ್' ಒಂದನ್ನೇ.

ಸೆಕೆಂಡಿನ ಲೆಕ್ಕವನ್ನು ಎಸ್‌ಕ್ಯೂಲೈಟ್ ಬರೆದಿಡುವ ರೀತಿಯೂ ಸವಿಯುವಂಥದೇ. ಅದು ಪೂರ್ಣಾಂಕಗಳಿಗೆ ಒಂದೇ ಗಾತ್ರದ ಪೆಟ್ಟಿಗೆ ಕೊಡುವುದಿಲ್ಲ. ಮೌಲ್ಯಕ್ಕೆ ತಕ್ಕಂತೆ 1, 2, 3, 4, 6 ಇಲ್ಲವೇ 8 ಬೈಟ್ ಕೊಡುತ್ತದೆ. ಇಂದಿನ ದಿನಾಂಕಗಳು ಸೆಕೆಂಡಿನಲ್ಲಿದ್ದರೆ ನಾಲ್ಕು ಬೈಟಿಗೆ ಹಿಡಿಸುತ್ತವೆ. 2038ರ ಜನವರಿ 19ರಂದು, ನಮ್ಮ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡ್ ಕಳೆದ ಕೂಡಲೇ, ಲೆಕ್ಕ 2147483647 ದಾಟುತ್ತದೆ, ನಾಲ್ಕು ಬೈಟ್ ಸಾಲದಾಗುತ್ತದೆ. ಎಸ್‌ಕ್ಯೂಲೈಟ್ ಆ ಮುಂದಿನ ಸೆಕೆಂಡನ್ನು ಸದ್ದಿಲ್ಲದೆ ಆರು ಬೈಟಿನಲ್ಲಿ ಬರೆಯುತ್ತದೆ. ಕಾಲಂ ಬದಲಿಸಬೇಕಿಲ್ಲ, ಟೇಬಲ್ ಮುಟ್ಟಬೇಕಿಲ್ಲ. ಮುಗ್ಗರಿಸುವುದೇನಿದ್ದರೂ ಆ ಲೆಕ್ಕವನ್ನು ಕಾಟ್ಲಿನ್‌ನಲ್ಲಿ 'ಲಾಂಗ್' ಎನ್ನದೆ 'ಇಂಟ್' ಎಂದು ಹಿಡಿದವರ ಕೋಡ್.

ನಿಜ–ಸುಳ್ಳು ಎಂಬ ಟೈಪ್ ಎಸ್‌ಕ್ಯೂಲೈಟ್‌ಗೆ ಇಲ್ಲ, ಹಾಗಾಗಿ ಅವು 1 ಮತ್ತು 0 ಆಗಿ ಇಳಿಯುತ್ತವೆ. ಈ ಎರಡು ಮೌಲ್ಯಗಳಿಗೆ ಅದು ತೋರಿಸಿರುವ ವಿಶೇಷ ಪ್ರೀತಿಯನ್ನು ಗಮನಿಸಬೇಕು. ಪ್ರತಿ ಸಾಲಿನ ಮುಂದೆ ಯಾವ ಕಾಲಂನಲ್ಲಿ ಯಾವ ಬಗೆಯ ಮೌಲ್ಯವಿದೆ ಎಂದು ಹೇಳುವ ಪುಟ್ಟ ತಲೆಬರಹ ಇರುತ್ತದೆ. ಅಲ್ಲಿ 8 ಎಂಬ ಸಂಕೇತ ಇದ್ದರೆ ಮೌಲ್ಯ ಸೊನ್ನೆ, 9 ಇದ್ದರೆ ಒಂದು. ಮುಂದಿನ ಭಾಗದಲ್ಲಿ ಅದಕ್ಕಾಗಿ ಒಂದು ಬೈಟೂ ಇಲ್ಲ. ಬಗೆಯನ್ನು ಹೇಳಿದ್ದರಲ್ಲೇ ಬೆಲೆಯನ್ನೂ ಹೇಳಿ ಮುಗಿಸಿದಂತಾಯಿತು. ಇಂಥ ಮಿತವ್ಯಯ ಕಂಡರೆ ಕೈ ಮುಗಿಯಬೇಕೆನಿಸುತ್ತದೆ.

ಸಂಖ್ಯೆಗಳ ವಿಷಯದಲ್ಲಿ ಕನ್ವರ್ಟರ್ ಬರೆಯುವವರು ತಮಗೆ ತಾವೇ ಕೇಳಿಕೊಳ್ಳಬೇಕಾದದ್ದು ಒಂದೇ: ಇದು ಎಣಿಕೆಯೋ, ಹೆಸರೋ? ಎರಡನ್ನು ಕೂಡಿಸಿದರೆ ಅರ್ಥ ಬರುತ್ತದೆಯೇ? ಎರಡು ಬೆಲೆಗಳನ್ನು ಕೂಡಿಸಬಹುದು. ಎರಡು ಫೋನ್ ನಂಬರ್ ಕೂಡಿಸಿ ಯಾರಿಗೂ ಆಗಬೇಕಾದ್ದೇನಿಲ್ಲ. ಅಂಕಿಗಳಲ್ಲಿ ಬರೆದಿದ್ದರೂ ಫೋನ್ ನಂಬರ್ ಒಂದು ಹೆಸರು. ಅದನ್ನು ಇಂಟಿಜರ್ ಮಾಡಿದ ಕೂಡಲೇ ಬೆಂಗಳೂರಿನ 080 ಬರೀ 80 ಆಗುತ್ತದೆ. ಹತ್ತಂಕಿಯ ನಮ್ಮ ಮೊಬೈಲ್ ನಂಬರುಗಳು ಶುರುವಾಗುವುದೇ 6, 7, 8, 9ರಿಂದ. ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆಗೆ ಮುಗಿಯುವ 32 ಬಿಟ್‌ನ ಇಂಟಿಜರಿಗೆ ಅವುಗಳಲ್ಲಿ ಒಂದೂ ಹಿಡಿಸದು.

ಹೆಸರನ್ನು ಸಂಖ್ಯೆಯೆಂದು ಭಾವಿಸಿದರೆ ಆಗುವ ತೊಂದರೆಯ ಪ್ರಸಿದ್ಧ ಕತೆ ಟ್ವಿಟರ್‌ನದು. 2010ರಲ್ಲಿ ಟ್ವಿಟರ್ ತನ್ನ ಟ್ವೀಟ್‌ಗಳ ಗುರುತಿನ ಸಂಖ್ಯೆಗಳನ್ನು 'ಸ್ನೋಫ್ಲೇಕ್' ಎಂಬ 64 ಬಿಟ್‌ಗಳ ಹೊಸ ಪದ್ಧತಿಗೆ ಬದಲಿಸಿತು. ಆದರೆ ಜಾವಾಸ್ಕ್ರಿಪ್ಟ್ ಜೇಸನ್‌ನಲ್ಲಿ ಬಂದ ಸಂಖ್ಯೆಗಳನ್ನೆಲ್ಲ 'ಡಬಲ್' ಎಂಬ 64 ಬಿಟ್‌ನ ದಶಮಾಂಶ ಟೈಪ್ ಆಗಿ ಹಿಡಿಯುತ್ತದೆ. ಅದರಲ್ಲಿ ಪೂರ್ಣಾಂಕ ಒಂದೂ ಬಿಡದೆ ನಿಖರವಾಗಿ ನಿಲ್ಲುವುದು 2ರ 53ನೆಯ ಘಾತದವರೆಗೆ ಮಾತ್ರ, ಅಂದರೆ 9,00,71,99,25,47,40,992ರವರೆಗೆ. ಅದಕ್ಕೆ ಒಂದು ಸೇರಿಸಿದ ಸಂಖ್ಯೆಯನ್ನು ಕಳಿಸಿ ನೋಡಿ, ಕೊನೆಯ 3 ಹೋಗಿ 2 ಬಂದಿರುತ್ತದೆ. ಯಾವ ಎಚ್ಚರಿಕೆಯೂ ಇಲ್ಲ. ಬೇರೆ ಯಾರದೋ ಟ್ವೀಟ್ ತೆರೆದುಕೊಳ್ಳುತ್ತದೆ ಅಷ್ಟೆ. ಟ್ವಿಟರ್‌ನವರು ಕಂಡುಕೊಂಡ ದಾರಿ ಸರಳ: ಸಂಖ್ಯೆಯ ಪಕ್ಕದಲ್ಲೇ ಅದೇ ಗುರುತನ್ನು ಪಠ್ಯವಾಗಿಯೂ ಕಳಿಸತೊಡಗಿದರು. ಹೆಸರು ಹೆಸರಿನ ವೇಷಕ್ಕೆ ಮರಳಿತು. ಜಾವಾಸ್ಕ್ರಿಪ್ಟ್ ಆಧಾರಿತ ರಿಯಾಕ್ಟ್ ನೇಟಿವ್‌ನಲ್ಲಿ ಮೊಬೈಲ್ ಆ್ಯಪ್ ಬರೆಯುವವರಿಗೆ ಈ ಕತೆ ಇಂದಿಗೂ ಹಳೆಯದಾಗಿಲ್ಲ. ಜಾವಾದಲ್ಲೂ 'ಜಿಸನ್' ಲೈಬ್ರರಿಗೆ ಟೈಪ್ ಹೇಳದೆ ಓದು ಎಂದರೆ ಅದು ಸಂಖ್ಯೆಗಳನ್ನೆಲ್ಲ ಡಬಲ್ ಮಾಡಿಯೇ ಕೈಗಿಡುತ್ತದೆ, ಬರೀ 1 ಕೂಡ 1.0 ಆಗಿರುತ್ತದೆ.

ಹಣ ಮಾತ್ರ ನಿಜವಾದ ಎಣಿಕೆ, ಅದಕ್ಕೇ ಅದು ಇನ್ನೂ ನಾಜೂಕು. 19.99 ರೂಪಾಯಿಯನ್ನು ಡಬಲ್‌ನಲ್ಲಿ ಹಿಡಿದು ಪೈಸೆ ಮಾಡಲು ನೂರರಿಂದ ಗುಣಿಸಿದರೆ 1998.9999999999998 ಬರುತ್ತದೆ. ದಶಮಾಂಶ ಕತ್ತರಿಸಿ ಪೂರ್ಣಾಂಕ ಮಾಡಿದಿರೋ, 1998. ಒಂದು ಪೈಸೆ ಗಾಳಿಯಲ್ಲಿ ಮಾಯ. ಹತ್ತರ ಲೆಕ್ಕದಲ್ಲಿ ಚೊಕ್ಕವಾಗಿ ಮುಗಿಯುವ 0.1 ಎಂಬ ಸಂಖ್ಯೆ ಎರಡರ ಲೆಕ್ಕದಲ್ಲಿ ಎಂದೂ ಮುಗಿಯದಿರುವುದೇ ಇದಕ್ಕೆ ಕಾರಣ. ಒಳ್ಳೆಯ ಕೋಡಿನಲ್ಲಿ ಸರ್ವರ್ ಬೆಲೆಯನ್ನು ಪಠ್ಯವಾಗಿ ಕಳಿಸುತ್ತದೆ. ಕನ್ವರ್ಟರ್ ಆ ಪಠ್ಯದಿಂದಲೇ ನೇರವಾಗಿ 'ಬಿಗ್‌ಡೆಸಿಮಲ್' ಕಟ್ಟಿ, ಪೈಸೆಗೆ ತಿರುಗಿಸಿ, 249.50 ಎಂಬುದನ್ನು 24950 ಎಂಬ ಪೂರ್ಣಾಂಕವಾಗಿ ಉಳಿಸುತ್ತದೆ. ನಡುವೆ ಎಲ್ಲೂ ಡಬಲ್‌ನ ನೆರಳು ಬೀಳಗೊಡುವುದಿಲ್ಲ. ಬಿಗ್‌ಡೆಸಿಮಲ್‌ಗೆ ಪಠ್ಯದ 0.1 ಕೊಟ್ಟರೆ 0.1 ಆಗಿಯೇ ಉಳಿಯುತ್ತದೆ, ಡಬಲ್‌ನ 0.1 ಕೊಟ್ಟರೆ ಐವತ್ತಕ್ಕೂ ಹೆಚ್ಚು ದಶಮಾಂಶ ಸ್ಥಾನಗಳ ಬಾಲ ಹೊತ್ತು ಬರುತ್ತದೆ. ನೂರರಿಂದ ಗುಣಿಸುವುದು ಎಲ್ಲ ದೇಶಕ್ಕೂ ಸಲ್ಲುವ ಸೂತ್ರವೂ ಅಲ್ಲ: ಜಪಾನಿನ ಯೆನ್ ಬೆಲೆಗೆ ದಶಮಾಂಶ ಭಾಗವೇ ಇಲ್ಲ, ಕುವೈತಿನ ದಿನಾರಿಗೆ ಮೂರು ಸ್ಥಾನ. ಹಣದ ಕನ್ವರ್ಟರ್ ನಾಣ್ಯದ ಹೆಸರನ್ನೂ ಕೇಳುತ್ತಿದ್ದರೆ, ಬರೆದವರು ಲೋಕ ಕಂಡವರು ಎಂದು ತಿಳಿಯುತ್ತೇನೆ.

ಪಠ್ಯಕ್ಕೆ ಏನು ಪರಿವರ್ತನೆ, ಅದು ಮೂರೂ ನೆಲದಲ್ಲಿ ಪಠ್ಯವೇ ಅಲ್ಲವೇ ಎನ್ನಬಹುದು. ಇಂಗ್ಲಿಷಿನ ಮಟ್ಟಿಗೆ ಬಹುತೇಕ ಹೌದು. ಕನ್ನಡ ಪಠ್ಯ ಉಳಿಸುವವರಿಗೆ ಅಲ್ಲೊಂದು ಬೇರೆಯೇ ಲೋಕ ತೆರೆಯುತ್ತದೆ. 'ಕೊಡಗು' ಎಂಬ ಜಿಲ್ಲೆಯ ಹೆಸರು ತೆಗೆದುಕೊಳ್ಳಿ. ಅದರ ಉದ್ದ ಎಷ್ಟು ಎಂದು ಸ್ವಿಫ್ಟ್‌ಗೆ ಕೇಳಿದರೆ 3 ಎನ್ನುತ್ತದೆ. ನಾವು ಮಕ್ಕಳಿಗೆ ಎಣಿಸಿ ಹೇಳಿಕೊಡುವಂತೆಯೇ ಕೊ, ಡ, ಗು. ಕಾಟ್ಲಿನ್‌ಗೆ ಕೇಳಿದರೆ 5, ಯಾಕೆಂದರೆ ಅದು ವ್ಯಂಜನದ ಜೊತೆ ಕೊಂಬು, ಒತ್ವಗಳನ್ನೂ ಬೇರೆ ಬೇರೆ ಎಣಿಸುತ್ತದೆ. ಡಿಸ್ಕಿನ ಮೇಲೆ ಯುಟಿಎಫ್-8ರಲ್ಲಿ ಅದು 15 ಬೈಟ್, ಒಂದೊಂದು ಚಿಹ್ನೆಗೆ ಮೂರರಂತೆ. ಮೂರೂ ಉತ್ತರ ಸರಿ. ಯಾವ ನೆಲದಲ್ಲಿ ನಿಂತು ಕೇಳಿದಿರಿ ಎಂಬುದಷ್ಟೇ ಬೇರೆ.

ಇದಕ್ಕಿಂತ ಗುಪ್ತವಾದದ್ದು ಇನ್ನೊಂದಿದೆ. 'ಕೊ' ಅಕ್ಷರದ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವದ ಚಿಹ್ನೆಯೂ ಊತ್ವದ ಚಿಹ್ನೆಯೂ ಸೇರಿದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಸ್ವಿಫ್ಟ್ ಎರಡನ್ನೂ ಸಮ ಎನ್ನುತ್ತದೆ. ಕಾಟ್ಲಿನ್ ಸಮವಲ್ಲ ಎನ್ನುತ್ತದೆ. ಎಸ್‌ಕ್ಯೂಲೈಟ್ ಬೈಟ್‌ಗಳನ್ನು ನೋಡಿ ಬೇರೆ ಬೇರೆ ಎಂದುಕೊಳ್ಳುತ್ತದೆ. ಒಂದೇ ಹೆಸರು ಎರಡು ಸಲ ಬರಬಾರದೆಂಬ ನಿಯಮ ಹಾಕಿದ ಕಾಲಂನಲ್ಲೂ ಎರಡೂ ಕೊಡಗುಗಳು ನೆಮ್ಮದಿಯಾಗಿ ಕೂರುತ್ತವೆ, ಹುಡುಕಿದರೆ ಒಂದೇ ಸಿಗುತ್ತದೆ. ಇದಕ್ಕೆ ಮದ್ದು ಎನ್‌ಎಫ್‌ಸಿ ಎಂಬ ಏಕರೂಪೀಕರಣ: ಒಡೆದು ಬರೆದದ್ದನ್ನು ಕೂಡಿಸಿ ಒಂದೇ ರೂಪಕ್ಕೆ ತರುವುದು. ಕನ್ವರ್ಟರ್‌ನೊಳಗೆ ಆ ಒಂದು ಕರೆ ಕಂಡರೆ ನನಗೆ ಹಿಗ್ಗು. ಕನ್ನಡದ ಹೆಸರೊಂದು ತಮ್ಮ ಟೇಬಲ್ಲಿಗೆ ಬಂದೇ ಬರುತ್ತದೆ ಎಂದು ನಂಬಿದವರು ಮಾತ್ರ ಬರೆಯುವ ಸಾಲು ಅದು.

ಅಂಕಿಗಳಲ್ಲೂ ಅಷ್ಟೆ. ಕನ್ನಡದ '೧೨' ಎಂಬ ಪಠ್ಯವನ್ನು ಜಾವಾಗೆ ಕೊಟ್ಟು ಇಂಟಿಜರ್ ಮಾಡು ಎಂದರೆ ಅದು 12 ಎಂದು ಓದಿ ಕೊಡುತ್ತದೆ. ಸ್ವಿಫ್ಟ್‌ನ ಇಂಟ್‌ಗೆ ಅದೇ ಪಠ್ಯ ಕೊಟ್ಟರೆ ಇದು ಸಂಖ್ಯೆಯೇ ಅಲ್ಲ ಎಂದು ವಾಪಸ್ ಮಾಡುತ್ತದೆ. ಒಂದೇ ಸರ್ವರ್, ಒಂದೇ ಉತ್ತರ. ಆ್ಯಂಡ್ರಾಯ್ಡ್‌ನಲ್ಲಿ ಚೆನ್ನಾಗಿ ನಡೆದದ್ದು ಐಫೋನಿನಲ್ಲಿ ಖಾಲಿ. ಜಾವಾ ಬರೆದವರು ಲೋಕದ ಎಲ್ಲ ಲಿಪಿಗಳ ಅಂಕಿಗಳನ್ನೂ ಅಂಕಿ ಎಂದೇ ಒಪ್ಪಿಕೊಂಡದ್ದರಲ್ಲಿ ಒಂದು ಔದಾರ್ಯವಿದೆ, ನನಗೆ ಅದು ಇಷ್ಟ.

ಔದಾರ್ಯಕ್ಕೂ ಮಿತಿ ಬೇಕು. ಪಿಎಚ್‌ಪಿಯಲ್ಲಿ ಬರೆದ ಹಳೆಯ ಸರ್ವರುಗಳು ಸಂಖ್ಯೆಯನ್ನು ಪಠ್ಯವಾಗಿ ಕಳಿಸುವುದುಂಟು, ಖಾಲಿ ಗೊಂಚಲನ್ನು ಖಾಲಿ ಪಟ್ಟಿಯಾಗಿ ಕಳಿಸುವುದುಂಟು. ಗಡಿಯಲ್ಲಿ ನಿಂತ ಕನ್ವರ್ಟರ್ 1, '1', ನಿಜ, ಈ ಮೂರನ್ನೂ 'ನಿಜ' ಎಂದು ಬರಮಾಡಿಕೊಂಡರೆ ಅದು ಸೌಜನ್ಯ. ಗೊತ್ತಿಲ್ಲದ ನಾಲ್ಕನೆಯದು ಬಂದಾಗ ಸುಮ್ಮನೆ 'ಸುಳ್ಳು' ಎಂದು ಬರೆದುಕೊಂಡರೆ ಅದು ಅಪಚಾರ. ಹಣ ಕಟ್ಟಿದವರನ್ನು ಕಟ್ಟಿಲ್ಲ ಎಂದು ದಾಖಲಿಸುವುದಕ್ಕಿಂತ, ಇದು ನನಗೆ ತಿಳಿಯದು ಎಂದು ಅಲ್ಲೇ ನಿಲ್ಲುವುದು ಎಷ್ಟೋ ಮೇಲು.

ಐಫೋನಿನಲ್ಲಿ ಆಬ್ಜೆಕ್ಟಿವ್-ಸಿ ಕಾಲದಿಂದ ಕೆಲಸ ಮಾಡಿದವರಿಗೆ ನಲ್ ಎಂದರೆ ಒಂದು ನೆನಪು ಬಂದೇ ಬರುತ್ತದೆ. ಸರ್ವರ್ ಕೊಟ್ಟ ಜೇಸನ್ ಗೊಂಚಲನ್ನು ಹಾಗೇ ಎತ್ತಿ 'ಯೂಸರ್‌ಡಿಫಾಲ್ಟ್ಸ್' ಎಂಬ ಐಫೋನಿನ ಪುಟ್ಟ ಉಗ್ರಾಣದಲ್ಲಿ ಇಟ್ಟರೆ, ಒಳಗೆಲ್ಲೋ ಒಂದು ನಲ್ ಇದ್ದರೂ ಸಾಕು, ಆ್ಯಪ್ ಕುಸಿದು ಬೀಳುತ್ತದೆ. ಯೂಸರ್‌ಡಿಫಾಲ್ಟ್ಸ್ ಉಳಿಸಬಲ್ಲದ್ದು ಪಠ್ಯ, ಸಂಖ್ಯೆ, ದಿನಾಂಕ, ಡೇಟಾ ಮತ್ತು ಇವುಗಳ ಪಟ್ಟಿ, ಗೊಂಚಲುಗಳನ್ನು. 'ಎನ್‌ಎಸ್‌ನಲ್' ಎಂಬ ವಸ್ತುವಿಗೆ ಅಲ್ಲಿ ಪ್ರವೇಶವಿಲ್ಲ. ಆ ನಲ್‌ಗಳನ್ನು ಹೆಕ್ಕಿ ತೆಗೆಯುವಾಗ ಒಂದು ಸೂಕ್ಷ್ಮ ಕಳೆದುಹೋಗುವ ಭಯವೂ ಇದೆ. ಜೇಸನ್‌ನಲ್ಲಿ ಹೆಸರೇ ಬಾರದಿರುವುದು ಬೇರೆ, ಹೆಸರು ಬಂದು ಮೌಲ್ಯ ನಲ್ ಆಗಿರುವುದು ಬೇರೆ. 2014ರಲ್ಲಿ ಬಂದ 'ಜೇಸನ್ ಮರ್ಜ್ ಪ್ಯಾಚ್' ಮಾನಕದಲ್ಲಿ ಮೊದಲನೆಯದಕ್ಕೆ ಇದ್ದದ್ದನ್ನು ಹಾಗೇ ಬಿಡು ಎಂದರ್ಥ, ಎರಡನೆಯದಕ್ಕೆ ಅಳಿಸಿಹಾಕು ಎಂದರ್ಥ. ಕಾಟ್ಲಿನ್‌ನ ಪ್ರಶ್ನಾರ್ಥಕ ಚಿಹ್ನೆ ಎರಡನ್ನೂ ಒಂದೇ ನಲ್ ಮಾಡಿಬಿಡುತ್ತದೆ. ಬಲ್ಲವರು ಅಲ್ಲಿ ಬಂದಿಲ್ಲ, ಬಂದಿದೆ–ಖಾಲಿ, ಬಂದಿದೆ–ಇದೆ ಎಂದು ಮೂರು ಸ್ಥಿತಿಯ ಟೈಪ್ ಕಟ್ಟಿಕೊಳ್ಳುತ್ತಾರೆ. ಮಾತನಾಡದೆ ಇರುವುದಕ್ಕೂ 'ಬೇಡ' ಎನ್ನುವುದಕ್ಕೂ ಇರುವ ಅಂತರವನ್ನು ಕೋಡಿನಲ್ಲಿ ಹಿಡಿದಿಟ್ಟದ್ದು ಕಂಡರೆ ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಂತೇ ಮುಂದೆ ಹೋಗುತ್ತೇನೆ.

ಕನ್ವರ್ಟರ್ ಸರಿಯಿದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಫೈಲ್ ಪಕ್ಕದಲ್ಲೇ ಇದ್ದರೆ ಓದಿನ ಸುಖ ಪೂರ್ತಿಯಾಗುತ್ತದೆ. ಮೌಲ್ಯವನ್ನು ಕಳಿಸಿ, ಮರಳಿ ಕರೆಸಿ, ಹೋದದ್ದೇ ಬಂದಿದೆಯೇ ಎಂದು ನೋಡುವುದು, ಇಷ್ಟೇ ಅದರ ತಿರುಳು. ಆ ಮೌಲ್ಯಗಳನ್ನು ಆರಿಸುವುದರಲ್ಲಿ ಕೈಚಳಕ ಇರುತ್ತದೆ. ಸಾಧಾರಣ ಟೆಸ್ಟ್ ಇಂದಿನ ದಿನಾಂಕವೊಂದನ್ನು ಕಳಿಸಿ ಸಮಾಧಾನಪಡುತ್ತದೆ. ಒಳ್ಳೆಯದು 1970ಕ್ಕೆ ಮುಂಚಿನ ಋಣಾತ್ಮಕ ಲೆಕ್ಕವನ್ನು, ಫೆಬ್ರವರಿ 29ನ್ನು, 2038ರ ಆಚೆಯ ದಿನವನ್ನು, 1943ರ ಅಜ್ಜಿಯನ್ನು, ಖಾಲಿ ಪಠ್ಯವನ್ನು, ಒಡೆದು ಬರೆದ ಕೊಡಗನ್ನು, ಕೊನೆಗೆ ನಲ್ ಅನ್ನು ಕಳಿಸಿ ಕಾಯುತ್ತದೆ.

ಹೋಗಿ ಮರಳುವ ಈ ಗುಣದ ಅತಿ ಚೊಕ್ಕ ಉದಾಹರಣೆ ನನಗೆ ಸಿಕ್ಕದ್ದು ಡೇಟಾಬೇಸಿನ ಹೊರಗೆ. ಆ್ಯಂಡ್ರಾಯ್ಡ್‌ನ 'ಶೇರ್ಡ್ ಪ್ರಿಫರೆನ್ಸಸ್' ಎಂಬ ಪುಟ್ಟ ಉಗ್ರಾಣದಲ್ಲಿ ಇಂಟ್, ಲಾಂಗ್, ಫ್ಲೋಟ್‌ಗಳಿಗೆ ಜಾಗವಿದೆ, ಡಬಲ್‌ಗೆ ಇಲ್ಲ. ಸರ್ವರ್ ಕಳಿಸಿದ ಬೆಂಗಳೂರಿನ ರೇಖಾಂಶ 77.5946 ಎಂಬುದನ್ನು ಫ್ಲೋಟ್ ಆಗಿ ಇಳಿಸಿದರೆ, ಆ ಆಸುಪಾಸಿನಲ್ಲಿ ಒಂದು ಫ್ಲೋಟಿನಿಂದ ಮುಂದಿನ ಫ್ಲೋಟಿಗೆ ನೆಲದ ಮೇಲೆ ಮುಕ್ಕಾಲು ಮೀಟರಿಗೂ ತುಸು ಹೆಚ್ಚು ಅಂತರ. ನಡುವಿನ ಜಾಗಕ್ಕೆ ಹೆಸರೇ ಇಲ್ಲದಂತಾಗುತ್ತದೆ. ಪಠ್ಯ ಮಾಡಿ ಇಡಬಹುದು. ಅದನ್ನು ಬಿಟ್ಟು ಯಾರೋ ಜಾಣರು ಜಾವಾದ 'ಡಬಲ್‌ಟುರಾಲಾಂಗ್‌ಬಿಟ್ಸ್' ಎಂಬ ಫಂಕ್ಷನ್ ಹಿಡಿದರು. ಅದು ಡಬಲ್‌ನ 64 ಬಿಟ್‌ಗಳನ್ನು ಒಂದನ್ನೂ ಕದಲಿಸದೆ ಲಾಂಗ್ ಎಂದು ಓದಿ ಕೊಡುತ್ತದೆ. ಉಗ್ರಾಣದಲ್ಲಿ ಕೂತಿರುವುದು ಯಾರಿಗೂ ತಲೆಬುಡ ತಿಳಿಯದ ದೊಡ್ಡ ಪೂರ್ಣಾಂಕ. ಅದರ ಜೋಡಿ ಫಂಕ್ಷನ್‌ಗೆ ಕೊಟ್ಟರೆ ಅದೇ ರೇಖಾಂಶ ಕೊನೆಯ ಬಿಟ್‌ವರೆಗೂ ಸರಿಯಾಗಿ ಮರಳುತ್ತದೆ. 2021ರಲ್ಲಿ ಸ್ಥಿರ ಆವೃತ್ತಿಯಾಗಿ ಬಂದ 'ಡೇಟಾಸ್ಟೋರ್' ಎಂಬ ಹೊಸ ಉಗ್ರಾಣದಲ್ಲಿ ಡಬಲ್‌ಗೆ ತನ್ನದೇ ಜಾಗವಿರುವುದರಿಂದ ಹೊಸದಾಗಿ ಬರೆಯುವವರಿಗೆ ಈ ಜಾಣ್ಮೆ ಬೇಕಾಗುವುದಿಲ್ಲ. ಹಳೆಯ ಉಗ್ರಾಣದಿಂದ ಹೊಸದಕ್ಕೆ ಸಾಮಾನು ಸಾಗಿಸುವವರು ಮಾತ್ರ ಆ ಲಾಂಗ್‌ಗಳನ್ನು ಲಾಂಗ್ ಎಂದೇ ಎತ್ತಿಕೊಂಡು ಹೋಗದೆ, ಒಮ್ಮೆ ಡಬಲ್ ಆಗಿ ಓದಿ ಆಮೇಲೆ ಇಡಬೇಕು.